ದೋಣಿ ಮಗುಚಿ ಸಾವು: ಸಿವಿಲ್ ಕೋರ್ಟು ಪರಿಹಾರ ಅರ್ಧಕ್ಕೆ ಇಳಿಸ್ಯಾದ, ಅಪೀಲು ಎಲ್ಲಿ ಹಾಕಬೇಕು, ಎಷ್ಟು ದಿನದಾಗ?

ಗಡ್ಡಿಯ ದಂಡೆ (ಪ್ರಶ್ನೆ)

ನಮಸ್ಕಾರ್ರಿ ಎಲ್ಲರಿಗೂ. ಯಾದಗಿರಿ ಜಿಲ್ಲೆದಾಗ ಕೃಷ್ಣಾ ನದಿ ದಾಟಿಸೋ ಮೋಟಾರು ದೋಣಿ ಮಗುಚಿದ ಪ್ರಕರಣ ಇದು. ತೀರಿಕೊಂಡವರು ಗೌಂಡಿ, ವಯಸ್ಸು 34. ಹೆಂಡತಿ, ಇಬ್ಬರು ಸಣ್ಣ ಮಕ್ಕಳು, ತಾಯಿ, ನಾಲ್ಕೂ ಮಂದಿ ವಾದಿಗಳು. ಒಂದನೇ ಪ್ರತಿವಾದಿ ದೋಣಿ ಮಾಲೀಕ, ಎರಡನೇ ಪ್ರತಿವಾದಿ ದೋಣಿಘಟ್ಟ ಹರಾಜು ಕೊಟ್ಟ ಗ್ರಾಮ ಪಂಚಾಯತಿ. 20 ಲಕ್ಷಕ್ಕೆ ದಾವೆ ಹಾಕಿದ್ರು.

ಹಿರಿಯ ಸಿವಿಲ್ ನ್ಯಾಯಾಧೀಶರ ತೀರ್ಪು ಹೀಂಗದ: ತಿಂಗಳ ಆದಾಯ 12,000 ಅಂತ ಹೇಳಿದ್ದು ಒಪ್ಪಿಲ್ಲ, 8,000 ಹಿಡದಾರ. ಸ್ವಂತ ಖರ್ಚಿಗೆ ಮೂರರಲ್ಲಿ ಒಂದು ಪಾಲು ಕಳದು, 15ರಿಂದ ಗುಣಿಸಿ 9,60,000. ಅದಕ್ಕ 40,000 ಕೂಡಿಸಿ 10 ಲಕ್ಷ. ಲೈಫ್ ಜಾಕೆಟ್ ಹಾಕಿರಲಿಲ್ಲ, ತುಂಬಿದ ದೋಣಿ ಅಂತ ಗೊತ್ತಿದ್ದೂ ಹತ್ತ್ಯಾರ ಅಂತ ಮೃತರ ಮ್ಯಾಲೇ ಅರ್ಧ ತಪ್ಪು ಹೊರಿಸಿ 5 ಲಕ್ಷಕ್ಕ ಇಳಿಸ್ಯಾರ. ಬಡ್ಡಿ ತೀರ್ಪಿನ ದಿನದಿಂದ ಮಾತ್ರ, ಶೇ. 6. ಪಂಚಾಯತಿ ಮ್ಯಾಲಿನ ದಾವೆ ವಜಾ. ದೋಣಿ ಮಾಲೀಕನ ಹತ್ರ ಒಂದು ಮನಿ, ಆ ಹಳೇ ದೋಣಿ, ಅಷ್ಟೇ ಆಸ್ತಿ.

ಕ್ರಿಮಿನಲ್ ಕೇಸಿನ್ಯಾಗ ಮಾಲೀಕ ಸಂಶಯದ ಲಾಭದ ಮ್ಯಾಲೆ ಬಿಡುಗಡೆ ಆಗ್ಯಾನ. ಅಪೀಲು ಹಾಕಿದ್ರ ಅದು ಅಡ್ಡ ಬರ್ತದೇನು? ಯಾದಗಿರಿಗೋ, ಕಲಬುರಗಿ ಹೈಕೋರ್ಟ್ ಪೀಠಕ್ಕೋ? ಮೃತರ ಅಣ್ಣನೂ ಪಾಲು ಕೇಳಾಕತ್ತಾರ, ಅವರನ್ನೂ ಸೇರಿಸಬೇಕಾ? ತೀರ್ಪು ಬಂದು 9 ದಿನ ಆಗ್ಯಾದ.

---

ಕರಿಕೋಟು

ಮೊದಲು ದಿನದ ಲೆಕ್ಕ, ಉಳಿದದ್ದು ಆಮೇಲೆ.

ಕಾಲಮಿತಿ ಅಧಿನಿಯಮದ 116ನೇ ಅನುಚ್ಛೇದದಂತೆ ಹೈಕೋರ್ಟಿಗೆ ಅಪೀಲಾದರೆ 90 ದಿನ, ಬೇರೆ ಯಾವುದೇ ನ್ಯಾಯಾಲಯಕ್ಕಾದರೆ 30 ದಿನ. ಹಿರಿಯ ಸಿವಿಲ್ ನ್ಯಾಯಾಧೀಶರ ಡಿಕ್ರಿಯ (ತೀರ್ಪಿನಂತೆ ಬರೆಯುವ ಔಪಚಾರಿಕ ಆದೇಶ) ಮೇಲೆ ಅಪೀಲು ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಎಂಬುದನ್ನು ತೀರ್ಮಾನಿಸುವುದು ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮ, 1964. ಇದರಲ್ಲಿನ ಮೌಲ್ಯದ ಮಿತಿಗೆ ಹಲವು ಸಲ ತಿದ್ದುಪಡಿ ಬಂದಿದೆ. ಹಳೇ ಪುಸ್ತಕ ತೆರೆದು "20 ಲಕ್ಷ ಅಲ್ಲವೇ, ಹಾಗಾದರೆ ಹೈಕೋರ್ಟು, 90 ದಿನ ಇದೆ" ಎಂದು ಕೂತರೆ ಮೋಸ ಹೋಗುತ್ತೀರಿ. ಇಂದು ಜಾರಿಯಲ್ಲಿರುವ ಪಠ್ಯವನ್ನು ವಕೀಲರ ಕೈಯಲ್ಲಿ ನೋಡಿಸಿ. ಎಲ್ಲಿಗೇ ಹೋಗಲಿ, ತಯಾರಿ ಮಾತ್ರ 30 ದಿನದ ಲೆಕ್ಕದಲ್ಲೇ ನಡೆಯಲಿ. ಹೈಕೋರ್ಟಿಗೆಂದು ಗೊತ್ತಾದರೆ ಅದು ಕಲಬುರಗಿ ಪೀಠ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಇವೆಲ್ಲ ಅದರ ವ್ಯಾಪ್ತಿಯವು, ಬೆಂಗಳೂರಿಗೆ ಓಡಬೇಕಿಲ್ಲ. ಅಲ್ಲಿ ಇದು ಆರ್‌ಎಫ್‌ಎ (ರೆಗ್ಯುಲರ್ ಫಸ್ಟ್ ಅಪೀಲ್) ಆಗಿ ದಾಖಲಾಗುತ್ತದೆ, ನಂಬರು 20ರಿಂದ ಶುರುವಾಗುವ ಆರಂಕಿಯದು. ಜಿಲ್ಲಾ ನ್ಯಾಯಾಲಯದಲ್ಲಾದರೆ ಆರ್.ಎ. (ರೆಗ್ಯುಲರ್ ಅಪೀಲ್).

ನಕಲು ಅರ್ಜಿ ಹಾಕಿಲ್ಲದಿದ್ದರೆ ಇವತ್ತೇ ಹಾಕಿ. ತೀರ್ಪು, ಡಿಕ್ರಿ ಎರಡಕ್ಕೂ. ಕಾಲಮಿತಿ ಅಧಿನಿಯಮದ 12ನೇ ಕಲಮಿನ ಪ್ರಕಾರ ತೀರ್ಪಿನ ದಿನವನ್ನೂ ನಕಲಿಗೆ ಬೇಕಾದ ಸಮಯವನ್ನೂ ಬಿಡುತ್ತಾರೆ, ಆದರೆ ಆ ಸಮಯ ಶುರುವಾಗುವುದು ನೀವು ಅರ್ಜಿ ಹಾಕಿದ ದಿನದಿಂದ. ಡಿಕ್ರಿ ಬರೆಯಲು ಕೋರ್ಟು ಇಪ್ಪತ್ತು ದಿನ ತೆಗೆದುಕೊಂಡಿತು, ಅಲ್ಲಿಯವರೆಗೆ ನಾವು ಅರ್ಜಿ ಹಾಕಲಿಲ್ಲ ಎಂದರೆ ಆ ಇಪ್ಪತ್ತೂ ನಿಮ್ಮ ಲೆಕ್ಕಕ್ಕೇ. ಇದನ್ನು ಆ ಕಲಮಿನ ವಿವರಣೆಯೇ ಹೇಳುತ್ತದೆ.

ಒಂದು ಉದಾಹರಣೆ. ತೀರ್ಪು ಜೂನ್ 3, ಅರ್ಜಿ ಜೂನ್ 10, ನಕಲು ಸಿದ್ಧ ಜೂನ್ 22. ಜೂನ್ 4 ಮೊದಲ ದಿನ, ಹಾಗಾಗಿ 30ನೇ ದಿನ ಜುಲೈ 3. ಜೂನ್ 10ರಿಂದ 22ರವರೆಗಿನ 13 ದಿನ ಸೇರಿಸಿದರೆ ಕೊನೇ ದಿನ ಜುಲೈ 16. ಸರ್ಟಿಫೈಡ್ ಕಾಪಿಯ ಕೊನೇ ಹಾಳೆಯ ಹಿಂದೆ ಒಂದು ಮುದ್ರೆ ಇರುತ್ತದೆ: ಅರ್ಜಿ ದಿನಾಂಕ, ಶುಲ್ಕ ಕೇಳಿದ ದಿನಾಂಕ, ಕಟ್ಟಿದ ದಿನಾಂಕ, ಸಿದ್ಧವಾದ ದಿನಾಂಕ, ಕೊಟ್ಟ ದಿನಾಂಕ, ಎಲ್ಲ ನೀಲಿ ಶಾಯಿಯಲ್ಲಿ ಕೈಬರಹ. "ಸಿದ್ಧ" ಮತ್ತು "ಕೊಟ್ಟ" ನಡುವೆ ನಾಲ್ಕು ದಿನ ಇದ್ದರೆ ಆ ನಾಲ್ಕು ದಿನ ಯಾರೂ ಬಿಡುವುದಿಲ್ಲ. ಶುಲ್ಕ ಕೇಳಿದ ಮೇಲೆ ಕಟ್ಟಲು ತಡ ಮಾಡಿದ ದಿನಗಳೂ ಅಷ್ಟೇ. ಮನೆಗೆ ಬಂದ ಮೇಲಲ್ಲ, ಕೌಂಟರಿನಲ್ಲೇ ನಿಂತು ಆ ಅಂಕಿ ಓದಿಕೊಳ್ಳಿ. 3 ಎಂದು ಬರೆದದ್ದು 8ರಂತೆ ಕಾಣುವುದು ಹೊಸದೇನಲ್ಲ.

ಕೊನೇ ದಿನ ರಜೆಯಲ್ಲಿ ಬಂದರೆ ಕೋರ್ಟು ತೆರೆದ ದಿನ ಹಾಕಬಹುದು. ಗಡುವು ಮೀರಿದ್ದರೆ ತಡ ಮನ್ನಿಸಿ ಎಂಬ 5ನೇ ಕಲಮಿನ ಅರ್ಜಿಯನ್ನು ಅಪೀಲಿನ ಜೊತೆಗೇ ಕೊಡಬೇಕು, ಪ್ರಮಾಣಪತ್ರ (ಅಫಿಡವಿಟ್) ಸಮೇತ. "ಕಾನೂನು ಗೊತ್ತಿರಲಿಲ್ಲ" ಎಂದು ಬರೆದರೆ ಯಾರೂ ಕೇಳುವುದಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ ಏನಾಯಿತು ಎಂದು ಕಾಗದ ತೋರಿಸಬೇಕು.

ಕ್ರಿಮಿನಲ್ ಬಿಡುಗಡೆಯ ಬಗ್ಗೆ: ಸಿವಿಲ್ ನ್ಯಾಯಾಲಯವನ್ನು ಅದು ಕಟ್ಟಿಹಾಕುವುದಿಲ್ಲ. ಅಲ್ಲಿ ಸಂಶಯಾತೀತ ಪುರಾವೆ ಬೇಕು, ಇಲ್ಲಿ ಸಂಭಾವ್ಯತೆಯ ತೂಕ ಸಾಕು.

---

ಲೆಕ್ಕದ ಪಾಟಿ

ಕಾಲಮಿತಿ ಕರಿಕೋಟು ಸರ್ ಹೇಳ್ಯಾರ, ನಾನು ಮೊತ್ತದ ಕಡೆ ಬರ್ತೀನಿ. ಈ ತೀರ್ಪಿನ್ಯಾಗ ತಪ್ಪು ಎಲ್ಲೆಲ್ಲಿ ಅದ ಅನ್ನೋದು ಅಂಕಿ ಇಟ್ಟು ನೋಡಿದ್ರ ತಾನೇ ಕಾಣ್ತದ.

ದೋಣಿ ಅಂದ್ರ ರಸ್ತೆ ಮ್ಯಾಲೆ ಓಡೋ ವಾಹನ ಅಲ್ಲ. ಅದಕ್ಕೇ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಾಕ ಬರಂಗಿಲ್ಲ, 1855ರ ಮಾರಣಾಂತಿಕ ಅಪಘಾತಗಳ ಅಧಿನಿಯಮದ ಕೆಳಗ ಸಿವಿಲ್ ದಾವೆನೇ ದಾರಿ. ದಾವೆ ಹಾಕಾಕ ಸಾವಿನ ದಿನದಿಂದ ಎರಡು ವರ್ಷ. ಮೂರು ವರ್ಷ ಅಂತ ತಿಳ್ಕೊಂಡು ಕೂತು ಕೈ ಸುಟ್ಟುಕೊಂಡವರು ಬಾಳ ಮಂದಿ. ನಿಮ್ಮದರಲ್ಲಿ ಆ ಘಟ್ಟ ದಾಟ್ಯಾದ.

ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009), ಪ್ರಣಯ್ ಸೇಠಿ (2017) ತೀರ್ಪುಗಳ ಕೋಷ್ಟಕ ಹುಟ್ಟಿದ್ದು ರಸ್ತೆ ಅಪಘಾತಕ್ಕ. ದೋಣಿ ಪ್ರಕರಣಕ್ಕ ಅದು ಕಟ್ಟುಕಾನೂನು ಅಲ್ಲ, ಆದ್ರ ಗುಣಕದ ಪದ್ಧತಿ (ವರ್ಷದ ನಷ್ಟನ ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸೋದು) ಬಿಟ್ಟು ಬೇರೆ ದಾರಿ ಕೋರ್ಟಿಗೂ ಇಲ್ಲ. ನಿಮ್ಮ ನ್ಯಾಯಾಧೀಶರೇ ಗುಣಕ ಬಳಸ್ಯಾರಲ್ಲ, ಹಂಗಾದ್ರ ಸರಿಯಾದ ಗುಣಕ ಬಳಸಬೇಕು ಅನ್ನೋದೇ ನಿಮ್ಮ ವಾದ. 31ರಿಂದ 35 ವಯಸ್ಸಿಗೆ ಗುಣಕ 16. ಅವರು ಹಿಡದ 15, 36ರಿಂದ 40ರವರದು. ಅವಲಂಬಿತರು ನಾಲ್ಕು ಮಂದಿ, ಸ್ವಂತ ಖರ್ಚಿಗೆ ಕಳೀಬೇಕಾದದ್ದು ನಾಲ್ಕರಲ್ಲಿ ಒಂದು ಪಾಲು. ಮೂರರಲ್ಲಿ ಒಂದು ಕಳೆಯೋದು ಅವಲಂಬಿತರು ಎರಡೋ ಮೂರೋ ಇದ್ದಾಗ. ಸ್ವಂತ ದುಡಿಮೆಯವರು 40ರ ಒಳಗಿದ್ರ ಮುಂದಿನ ಆದಾಯ ಹೆಚ್ಚಳಕ್ಕ ಶೇ. 40 ಕೂಡಿಸಬೇಕು, ಅದನ್ನ ಇಲ್ಲಿ ಮುಟ್ಟೇ ಇಲ್ಲ.

ಈಗ ಆದಾಯ 8,000 ಅಂತನೇ ಇಟ್ಕೊಳ್ರಿ, ವಾದಕ್ಕ. ಶೇ. 40 ಕೂಡಿಸಿದ್ರ 11,200. ಕಾಲು ಪಾಲು ಕಳದ್ರ 8,400. ವರ್ಷಕ್ಕ 1,00,800. 16ರಿಂದ ಗುಣಿಸಿದ್ರ 16,12,800. ಇದಕ್ಕ ಪ್ರಣಯ್ ಸೇಠಿ ಹೇಳಿದ ತಲೆಬರಹಗಳು: ಎಸ್ಟೇಟ್ ನಷ್ಟ 15,000, ಅಂತ್ಯಕ್ರಿಯೆ 15,000, ಸಾಹಚರ್ಯ ನಷ್ಟ (ಮೃತರ ಒಡನಾಟ, ಆಸರೆ ಕಳಕೊಂಡದ್ದಕ್ಕ) 40,000. ಸಾಹಚರ್ಯ ಹೆಂಡತಿಗಷ್ಟೇ ಅಲ್ಲ, ಮಕ್ಕಳಿಗೂ ತಂದೆ ತಾಯಿಗೂ ಬೇರೆ ಬೇರೆ ಅಂತ 2018ರ ಮ್ಯಾಗ್ಮಾ ತೀರ್ಪಿನ್ಯಾಗ ಬಂದದ. ನಾಲ್ಕು ಮಂದಿಗೆ 1,60,000. ಎಲ್ಲಾ ಕೂಡಿ 18,02,800. ಈ ತಲೆಬರಹದ ಮೊತ್ತಗಳಿಗೆ ಮೂರು ವರ್ಷಕ್ಕೊಮ್ಮೆ ಶೇ. 10 ಏರಿಕೆನೂ ಅದ, ಅದನ್ನ ನಾ ಇಲ್ಲಿ ಹಿಡದಿಲ್ಲ.

ಅಂದ್ರ ಆದಾಯದ ತಕರಾರು ಗೆಲ್ಲದಿದ್ದರೂ 10 ಲಕ್ಷ 18 ಲಕ್ಷ ಆಗ್ತದ. ಆದಾಯ 12,000 ಒಪ್ಪಿಸಿದ್ರ 26 ಲಕ್ಷ ದಾಟ್ತದ, ಆದ್ರ ದಾವೆ ಇರೋದೇ 20ಕ್ಕ. ನ್ಯಾಯಮಂಡಳಿಯಾಗ ಕೇಳಿದ್ದಕ್ಕಿಂತ ಹೆಚ್ಚು ಕೊಡೋ ರೂಢಿ ಅದ, ಸಿವಿಲ್ ದಾವೆದಾಗ ವಾದಪತ್ರ ತಿದ್ದುಪಡಿ ಮಾಡಿ ಹೆಚ್ಚಿನ ಕೋರ್ಟ್ ಫೀ ಕಟ್ಟದ ಹೊರತು 20ರ ಮ್ಯಾಲೆ ಒಂದು ರೂಪಾಯಿ ಸಿಗಂಗಿಲ್ಲ.

ಕೋರ್ಟ್ ಫೀ ಬಗ್ಗೆ ಒಂದು ಮಾತು. ನಮ್ಮ ರಾಜ್ಯದ 1958ರ ಅಧಿನಿಯಮದ 49ನೇ ಕಲಮಿನಂತೆ ಅಪೀಲಿನ ಫೀ ಅಪೀಲಿನ ವಿಷಯದ ಮೌಲ್ಯದ ಮ್ಯಾಲೆ, ಇಡೀ ದಾವೆ ಮ್ಯಾಲೆ ಅಲ್ಲ. 5 ಲಕ್ಷ ಈಗಾಗಲೇ ಡಿಕ್ರಿ ಆಗ್ಯಾದ, ಅದಕ್ಕ ಮತ್ತ ಫೀ ಕಟ್ಟಬ್ಯಾಡ್ರಿ. 20ಕ್ಕ ಹೋದ್ರ 15 ಲಕ್ಷದ ಮ್ಯಾಲೆ. ಆದಾಯದ ಪುರಾವೆ ಸಡಿಲಿದ್ರ 13 ಲಕ್ಷಕ್ಕಷ್ಟೇ ಅಪೀಲು ಸೀಮಿತ ಮಾಡಿದ್ರ ಫೀ ಉಳೀತದ. ನನ್ನ ಅಭಿಪ್ರಾಯ ಕೇಳಿದ್ರ, ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡು, ಪಾಸ್‌ಬುಕ್, ಮೇಸ್ತ್ರಿಯ ಸಾಕ್ಷಿ ಇವು ದಾಖಲೆಯಾಗಿದ್ದರ 15, ಇಲ್ಲಂದ್ರ 13.

ಬಡ್ಡಿ ತೀರ್ಪಿನ ದಿನದಿಂದ ಕೊಟ್ಟದ್ದೂ ಅಪೀಲಿನ ಕಾರಣನೇ. ಸಿವಿಲ್ ಪ್ರಕ್ರಿಯಾ ಸಂಹಿತೆ 34ನೇ ಕಲಮು ದಾವೆ ದಿನದಿಂದ ಡಿಕ್ರಿ ತನಕ ಸಮಂಜಸ ದರ ಕೊಡಾಕ ಅಧಿಕಾರ ಕೊಡ್ತದ. ದಾವೆ ಐದಾರು ವರ್ಷ ನಡದಿದ್ರ ಈ ಬಡ್ಡಿನೇ ಲಕ್ಷಗಟ್ಟಲೆ ಆಗ್ತದ. ಅದನ್ನ ಅಪೀಲು ಮೆಮೊದಾಗ (ಅಪೀಲಿನ ಕಾರಣ ಬರೆದ ಅರ್ಜಿ) ಬರೆಯೋದು ಮರೀತಾರ.

---

ಹರಿಗೋಲು

ನನಗೆ ಕಾಣುವ ದೊಡ್ಡ ಅಪಾಯ ಬೇರೆ ಇದೆ. ಮೊತ್ತ 18 ಲಕ್ಷವೇ ಆಗಲಿ, ಕೊಡುವವರು ಯಾರು? ಮಾಲೀಕನ ಬಳಿ ಒಂದು ಮನೆ. ಪಂಚಾಯತಿಯನ್ನು ಬಿಟ್ಟು ಅಪೀಲು ಹಾಕಿದರೆ ಅದರ ಮಟ್ಟಿಗೆ ವಜಾ ಆದದ್ದು ಅಂತಿಮವಾಗುತ್ತದೆ, ನಿಮ್ಮ ಕೈಯಲ್ಲಿ ದೊಡ್ಡ ಅಂಕಿಯ ಕಾಗದ ಉಳಿಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 33ನೇ ನಿಯಮ ಮೇಲ್ಮನವಿ ನ್ಯಾಯಾಲಯಕ್ಕೆ ವಿಶಾಲ ಅಧಿಕಾರ ಕೊಟ್ಟಿದೆ ನಿಜ, ಅದನ್ನು ನಂಬಿ ಕೂರಬೇಡಿ. ಎರಡನೇ ಪ್ರತಿವಾದಿಯನ್ನು ಎದುರುದಾರರನ್ನಾಗಿ ಸೇರಿಸಿ, ವಜಾ ಮಾಡಿದ್ದು ಏಕೆ ತಪ್ಪು ಎಂದು ಬೇರೆಯೇ ಕಾರಣಗಳನ್ನು ಬರೆಸಿ.

ಪಂಚಾಯತಿ ಹರಾಜಿನ ಹಣ ತೆಗೆದುಕೊಂಡಿತ್ತು ಎಂಬುದಷ್ಟೇ ಸಾಲದು. ಹರಾಜಿನ ಷರತ್ತುಪತ್ರದಲ್ಲಿ ಎಷ್ಟು ಜನರನ್ನು ಹತ್ತಿಸಬೇಕು, ಜಾಕೆಟ್ ಇಡಬೇಕು, ಪ್ರವಾಹದಲ್ಲಿ ನಿಲ್ಲಿಸಬೇಕು ಎಂಬ ಷರತ್ತು ಇತ್ತೇ? ಇದ್ದರೆ ತಪಾಸಣೆ ಯಾರು ಮಾಡಿದರು? ಷರತ್ತೇ ಹಾಕದಿದ್ದರೆ ಅದೂ ಅಜಾಗರೂಕತೆಯೇ. "ಗುತ್ತಿಗೆದಾರನ ತಪ್ಪಿಗೆ ನಾವು ಹೊಣೆಯಲ್ಲ" ಎಂಬ ವಾದಕ್ಕೆ ಉತ್ತರ ಈ ನಿಯಂತ್ರಣದ ಪ್ರಶ್ನೆಯಲ್ಲಿದೆ. ಇನ್ನೊಬ್ಬರ ವಶಕ್ಕೆ ಜೀವ ಕೊಟ್ಟಾಗ ಹೊಣೆ ಎಷ್ಟು ಎಂಬುದಕ್ಕೆ ಗ್ರೇವಾಲ್ ವಿರುದ್ಧ ದೀಪ್ ಚಂದ್ ಸೂದ್ (2001) ತೀರ್ಪು ಓದಿಸಿ. 1995ರಲ್ಲಿ ಬಿಯಾಸ್ ನದಿಗೆ ಪಿಕ್ನಿಕ್‌ಗೆ ಕರೆದೊಯ್ದ ಶಾಲೆಯ 14 ಮಕ್ಕಳು ಮುಳುಗಿದ ಪ್ರಕರಣ. ಶಿಕ್ಷಕರ ಅಜಾಗರೂಕತೆಗೆ ಆಡಳಿತ ಮಂಡಳಿಯೇ ಹೊಣೆ ಎಂದು ತಲಾ 5 ಲಕ್ಷವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಶಿಕ್ಷಕರು ನೌಕರರು, ಇಲ್ಲಿ ಗುತ್ತಿಗೆದಾರ, ಆ ವ್ಯತ್ಯಾಸವನ್ನು ಎದುರು ಪಕ್ಷ ಎತ್ತೇ ಎತ್ತುತ್ತದೆ, ತಯಾರಿರಿ.

ಇನ್ನು ಆ ಶೇ. 50. ಪಂಚನಾಮೆ ತೆಗೆದು ನೋಡಿ. ದೋಣಿಯ ಉದ್ದ ಅಗಲ, ಎಂಜಿನ್, ಜಪ್ತಾದ ವಸ್ತುಗಳ ಸಾಲು ಅದರಲ್ಲಿರುತ್ತದೆ. ಜಪ್ತಿಯಲ್ಲಿ ಜಾಕೆಟ್ ಎಷ್ಟು, ದೋಷಾರೋಪ ಪಟ್ಟಿಯಲ್ಲಿ ಹತ್ತಿದವರು ಎಷ್ಟು? ದೋಣಿಯಲ್ಲಿ ಎರಡು ಜಾಕೆಟ್ ಇದ್ದು ಹನ್ನೊಂದು ಜನ ಇದ್ದರೆ, ಹಾಕಿಕೊಳ್ಳಲಿಲ್ಲ ಎಂದು ಸತ್ತವರನ್ನು ದೂರುವುದು ಹೇಗೆ? ಕೊಟ್ಟಿದ್ದೆ, ನಿರಾಕರಿಸಿದರು ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು, ಲಿಖಿತ ಹೇಳಿಕೆಯಲ್ಲೂ ಅದು ಬಂದಿರಬೇಕು. ಬಂದಿರದಿದ್ದರೆ, ಆ ಬಗ್ಗೆ ವಿವಾದಾಂಶವೇ ರಚನೆಯಾಗದಿದ್ದರೆ, ಅದೊಂದೇ ಸಾಕು ಈ ಕಡಿತ ಬೀಳಲು. ಎಷ್ಟು ಜನರನ್ನು ಹತ್ತಿಸಬೇಕು ಎಂಬುದು ಪ್ರಯಾಣಿಕನ ಕೈಯಲ್ಲಿಲ್ಲ, ಹುಟ್ಟು ಹಿಡಿದವನ ಕೈಯಲ್ಲಿದೆ. ತುಂಬಿದ ದೋಣಿಯಲ್ಲಿ ಬಾಡಿಗೆಗೆ ಜನ ಸಾಗಿಸುವುದೇ ಅಪರಾಧ: ಹಳೇ ದಂಡ ಸಂಹಿತೆಯ 282, ಈಗಿನ ನ್ಯಾಯ ಸಂಹಿತೆಯ 284.

ಮಾಲೀಕ ಮತ್ತು ಪಂಚಾಯತಿ ಇಬ್ಬರ ಅಜಾಗರೂಕತೆ ಸೇರಿ ಸಾವಾಗಿದೆ ಎಂದು ಸಾಬೀತಾದರೆ ಅದು ಸಂಯುಕ್ತ ಅಜಾಗರೂಕತೆ, ಮೃತರ ಪಾಲು ಅದರಲ್ಲಿಲ್ಲ. ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲಿ ಮಾಡಬಹುದು (ಖೆನ್ಯೇಯಿ ತೀರ್ಪು, 2015). ಕೆಳ ನ್ಯಾಯಾಲಯ ಇದನ್ನೂ ಮೃತರದೇ ತಪ್ಪಿನ ಪಾಲನ್ನೂ ಕಲಸಿದಂತಿದೆ.

ನದಿ ತುಂಬಿದ್ದಾಗಿನ ಘಟನೆಯಾದರೆ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಆ ದಿನ ಎಷ್ಟು ಕ್ಯೂಸೆಕ್ ಬಿಟ್ಟಿದ್ದರು, ಗಂಟೆಗೊಂದರಂತೆ ಬರೆದ ಪುಸ್ತಕದ ಪ್ರತಿ ಕೇಳಿ. ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿಯಂಥ ಊರು ಸಂಪರ್ಕ ಕಳೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವುದೇ. ನದಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಪತ್ರ ಪಂಚಾಯತಿಗೆ ತಲುಪಿದ ದಿನಾಂಕ ಸಿಕ್ಕರೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಆಗುವುದಿಲ್ಲ.

ಆದರೆ ಇಂಥ ಹೊಸ ಕಾಗದ ಅಪೀಲಿನಲ್ಲಿ ಸುಮ್ಮನೆ ಸೇರುವುದಿಲ್ಲ. 41ನೇ ಆದೇಶ 27ನೇ ನಿಯಮದ ಅರ್ಜಿ ಬೇಕು. ವಿಚಾರಣಾ ನ್ಯಾಯಾಲಯ ತಪ್ಪಾಗಿ ತಳ್ಳಿಹಾಕಿತ್ತು, ಅಥವಾ ಎಷ್ಟು ಯತ್ನಿಸಿದರೂ ಆಗ ಸಿಕ್ಕಿರಲಿಲ್ಲ, ಅಥವಾ ತೀರ್ಪು ಕೊಡಲು ನ್ಯಾಯಾಲಯಕ್ಕೇ ಅದು ಬೇಕು, ಈ ಮೂರರಲ್ಲಿ ಒಂದಾದರೂ ತೋರಿಸಬೇಕು. ವಕೀಲರು ಮರೆತಿದ್ದರು ಎಂಬುದು ಮೂರರಲ್ಲಿ ಯಾವುದೂ ಅಲ್ಲ.

---

ಗಡ್ಡಿಯ ದಂಡೆ

ಬಾಳ ಉಪಕಾರ ಆಯ್ತ್ರಿ. ನಕಲು ಅರ್ಜಿ ತೀರ್ಪಿನ ಮರುದಿನನೇ ಹಾಕ್ಯಾರಂತ. ಪಂಚನಾಮೆದಾಗ ಜಾಕೆಟ್ ಎರಡು, ದೋಷಾರೋಪ ಪಟ್ಟಿದಾಗ ಹತ್ತಿದವರು ಹನ್ನೊಂದು, ಹರಿಗೋಲು ಸರ್ ಹೇಳಿದ ಹಾಂಗ. ಪಂಚನಾಮೆ ನಿಶಾನೆ ಪಿ-4 ಆಗಿ ಗುರುತಾಗ್ಯಾದ. ಇನ್ನ ಎರಡು ಪ್ರಶ್ನೆ: ಮಾಲೀಕನೂ ಅಪೀಲು ಹಾಕ್ತೀನಿ ಅನ್ನಾಕತ್ಯಾನ, ಆಗ ಈ 5 ಲಕ್ಷನೂ ನಿಲ್ತದೇನು? ಮನ್ಯಾಗ ಕೋರ್ಟ್ ಫೀ ಕಟ್ಟೋ ತಾಕತ್ತು ಇಲ್ಲ.

---

ಕರಿಕೋಟು

ಪಿ-4 ದಾಖಲೆಯಲ್ಲಿದೆ ಎಂದರೆ ಹೆಚ್ಚುವರಿ ಸಾಕ್ಷ್ಯದ ರಗಳೆಯೇ ಇಲ್ಲ. ಅಪೀಲು ಮೆಮೊದಲ್ಲಿ "ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧ" ಎಂಬ ಸಿದ್ಧ ಸಾಲು ಬರೆದು ಬಿಡದೆ, "ಪಿ-4ರಲ್ಲಿ ಎರಡೇ ಜಾಕೆಟ್ ಎಂದಿದ್ದರೂ ಇಂಥ ಪ್ಯಾರಾದಲ್ಲಿ ಅದನ್ನು ಚರ್ಚಿಸಿಲ್ಲ" ಎಂದು ಬರೆಸಿ. ಸಾಕ್ಷಿಗಳ ಪಾಟೀಸವಾಲಿನ ನಕಲನ್ನೂ ತೆಗೆದಿಡಿ, ಮಾಲೀಕ ಅಲ್ಲಿ ಒಪ್ಪಿಕೊಂಡ ಒಂದು ಸಾಲು ಹತ್ತು ವಾದಕ್ಕೆ ಸಮ.

ಮಾಲೀಕನ ಅಪೀಲು: ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆ ಪಡೆಯಬೇಕು. ಹಣದ ಡಿಕ್ರಿಯಲ್ಲಿ ನ್ಯಾಯಾಲಯ ಹೇಳಿದ ಠೇವಣಿ ಕಟ್ಟದಿದ್ದರೆ, ಭದ್ರತೆ ಕೊಡದಿದ್ದರೆ ತಡೆ ಸಿಗಬಾರದು ಎಂಬುದು 41ನೇ ಆದೇಶ 5ನೇ ನಿಯಮ. ನಿಮಗೆ ತಿಳಿಸದೆ ತಡೆ ತರದಂತೆ 148ಎ ಕಲಮಿನಡಿ ಕೇವಿಯಟ್ ಹಾಕಿ. ಜಿಲ್ಲಾ ನ್ಯಾಯಾಲಯ, ಕಲಬುರಗಿ ಪೀಠ ಎರಡರಲ್ಲೂ ಹಾಕಿದರೆ ಖರ್ಚು ದೊಡ್ಡದಲ್ಲ. ಅದರ ಆಯಸ್ಸು 90 ದಿನ, ಮುಗಿದರೆ ಹೊಸದು. ನೀವು ಹೆಚ್ಚಿನ ಮೊತ್ತಕ್ಕೆ ಅಪೀಲು ಹಾಕಿದ್ದೀರಿ ಎಂದ ಮಾತ್ರಕ್ಕೆ 5 ಲಕ್ಷದ ಜಾರಿ ಅರ್ಜಿ ತಡೆಹಿಡಿಯಬೇಕಿಲ್ಲ. ಹಕ್ಕು ಕಾಯ್ದಿರಿಸಿ ಪಡೆಯುತ್ತಿದ್ದೇವೆ ಎಂದು ಬರೆದುಕೊಟ್ಟು ವಸೂಲಿ ನಡೆಸಿ.

ಅವನ ಅಪೀಲಿನ ನೋಟಿಸು ಬಂದ ಒಂದು ತಿಂಗಳಲ್ಲಿ ಅಡ್ಡ ಆಕ್ಷೇಪಣೆ (ಅವನ ಅಪೀಲಿನಲ್ಲೇ ನಿಮ್ಮ ತಕರಾರು) ಹಾಕುವ ಅವಕಾಶ ಇದೆ, ಅವನು ಅಪೀಲು ಹಿಂಪಡೆದರೂ ಅದು ಉಳಿಯುತ್ತದೆ. ಅದನ್ನು ನಂಬಿ ನಿಮ್ಮ ಗಡುವು ಬಿಟ್ಟರೆ, ಅವನು ಅಪೀಲೇ ಹಾಕದಿದ್ದಾಗ ಎರಡೂ ಹೋಯಿತು.

ಅಣ್ಣನ ವಿಷಯ ಯಾರೂ ಮುಟ್ಟಲಿಲ್ಲ. 1855ರ ಆ ಅಧಿನಿಯಮದಲ್ಲಿ ಪರಿಹಾರ ಹೆಂಡತಿ ಅಥವಾ ಗಂಡ, ತಂದೆ ತಾಯಿ, ಮಕ್ಕಳಿಗೆ. ಅಜ್ಜ ಅಜ್ಜಿ, ಮೊಮ್ಮಕ್ಕಳೂ ಆ ಪದಗಳೊಳಗೆ ಬರುತ್ತಾರೆ, ಅಣ್ಣ ತಮ್ಮಂದಿರು ಬರುವುದಿಲ್ಲ. ಸೇರಿಸಬೇಡಿ.

---

ಲೆಕ್ಕದ ಪಾಟಿ

ಫೀ ಬಗ್ಗೆ ಎರಡು ದಾರಿ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವೆ ಉಚಿತ, 1987ರ ಅಧಿನಿಯಮದ 12ನೇ ಕಲಮು. ನಿಮ್ಮ ನಾಲ್ಕೂ ವಾದಿಗಳು ಅದರೊಳಗ ಬರ್ತಾರ. ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ, ಹೈಕೋರ್ಟ್ ಆದ್ರ ಕಲಬುರಗಿ ಪೀಠದ ಕಾನೂನು ಸೇವಾ ಸಮಿತಿಗೆ. ವಕೀಲರಷ್ಟೇ ಅಲ್ಲ, ಕೋರ್ಟ್ ಫೀ, ನಕಲು ಖರ್ಚು ಸಹ ಅದರಾಗ ಬರ್ತಾವ. ತೀರ್ಪಿನ ಪ್ರತಿ, ಆಧಾರ್ ತಗೊಂಡು ಈ ವಾರನೇ ಹೋಗ್ರಿ, ಮಂಜೂರಾತಿಗೆ ಹಿಡಿಯೋ ದಿನಗಳೂ ನಿಮ್ಮ ಗಡುವಿನ್ಯಾಗೇ ಓಡ್ತಾವ.

ಇನ್ನೊಂದು, 44ನೇ ಆದೇಶದಂತೆ ನಿರ್ಗತಿಕರಾಗಿ ಅಪೀಲು. ಇಲ್ಲೊಂದು ಗುಂಡಿ ಅದ: ಹಂಗ ಅನುಮತಿ ಕೇಳಾಕ ಹೈಕೋರ್ಟಿಗೆ 90 ಅಲ್ಲ, 60 ದಿನ (ಕಾಲಮಿತಿ ಅಧಿನಿಯಮದ 130ನೇ ಅನುಚ್ಛೇದ). ಜಿಲ್ಲಾ ಕೋರ್ಟಿಗೆ 30.

ಮಧ್ಯ ಯಾರಾದ್ರೂ ಲೋಕ ಅದಾಲತ್‌ದಾಗ ರಾಜಿ ಮಾಡ್ಸೋಣ ಅಂದ್ರ ಮಕ್ಕಳ ಪಾಲಿಗೆ ನ್ಯಾಯಾಲಯದ ಅನುಮತಿ ಬೇಕು, 32ನೇ ಆದೇಶ 7ನೇ ನಿಯಮ. ಅಲ್ಲಿ ಆದ ಐತೀರ್ಪಿನ ಮ್ಯಾಲೆ ಅಪೀಲು ಇಲ್ಲ, ಸಹಿ ಹಾಕೋ ಮುಂಚೆ ಆ 18,02,800 ಲೆಕ್ಕದ ಚೀಟಿ ಎದುರಿಗೆ ಇಟ್ಕೊಂಡು ಕೂಡ್ರಿ.

---

ಹರಿಗೋಲು

ಒಂದು ಬಿಟ್ಟಿದ್ದೆ. ದೋಣಿಗೆ ವಿಮೆ ಇತ್ತೇ ಎಂದು ಯಾರಾದರೂ ಕೇಳಿದ್ದಾರಾ? 2021ರ ಒಳನಾಡು ಹಡಗುಗಳ ಅಧಿನಿಯಮ ಯಂತ್ರಚಾಲಿತ ದೋಣಿಗೆ ನೋಂದಣಿ, ತಪಾಸಣೆ, ವಿಮೆ ಬೇಕು ಎನ್ನುತ್ತದೆ. ಇತ್ತೆಂದಾದರೆ ವಿಮಾ ಕಂಪನಿಯ ಹೊಣೆ ಬೇರೆಯೇ ಅಧ್ಯಾಯ. ಇರಲಿಲ್ಲವೆಂದಾದರೆ, ನೋಂದಣಿಯೂ ವಿಮೆಯೂ ಇಲ್ಲದ ದೋಣಿಗೆ ಘಟ್ಟ ಹರಾಜು ಹಾಕಿಕೊಟ್ಟದ್ದು ಪಂಚಾಯತಿ ಎಂಬ ಸಾಲು ಮೆಮೊದಲ್ಲಿ ಬರಲಿ. ಪಂಚಾಯತಿ ಕಾರ್ಯದರ್ಶಿಯ ಪಾಟೀಸವಾಲಿನಲ್ಲಿ ಈ ಪ್ರಶ್ನೆ ಬಂದಿತ್ತೇ ಎಂದು ಮೊದಲು ಆ ನಕಲು ನೋಡಿ.